ನಲವತ್ತಕ್ಕೆ ನಲವತ್ತು

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಯಲ್ಲಾಪುರ ತಾಲೂಕಿನ ವಜ್ರಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ನಮ್ಮ ಪ್ರಯೋಗಾಲಯವೆಂದರೆ ಒಂದು ಕಪಾಟು, ಅಷ್ಟೆ. ಬಾಹ್ಯಾಕಾಶ ಸಂಸ್ಥೆಯೊಂದು ತನ್ನ ವಿಜ್ಞಾನ ಶಿಕ್ಷಣ ಯೋಜನೆಗೆ ನಮ್ಮನ್ನು ಆರಿಸಿದೆ ಎಂಬ ಪತ್ರ ಬಂದಾಗ, ವಿಳಾಸ ತಪ್ಪಿ ಬಂದಿರಬೇಕೆಂದು ಲಕೋಟೆಯನ್ನು ತಿರುಗಿಸಿ ನೋಡಿದೆ.

ಮೊದಲ ವರ್ಷ ಪ್ರಾಯೋಗಿಕ. ಕೆಲಸ ಮೆಚ್ಚುಗೆಯಾದರೆ ದೂರದರ್ಶಕ, ಕಂಪ್ಯೂಟರ್, ವಿಜ್ಞಾನಿಗಳ ಪಾಠ ಎಲ್ಲವೂ ಬರುತ್ತದೆ. ಇಲ್ಲವಾದರೆ ಅವಕಾಶ ಬೇರೆ ಶಾಲೆಗೆ. ನಮ್ಮ ಪಾಲಿಗೆ ಬಂದ ಕೆಲಸದ ಹೆಸರು ‘ಗ್ರೌಂಡ್ ಟ್ರೂತ್’. ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರ್ ಒಂದು ನಕ್ಷೆ ಮಾಡುತ್ತದೆ: ಇದು ಗದ್ದೆ, ಇದು ತೋಟ, ಇದು ಕಾಡು ಎಂದು. ಅದು ನಿಜವೇ ಎಂದು ಮಕ್ಕಳು ಜಿಪಿಎಸ್ ಹಿಡಿದು ನಡೆದು ಹೋಗಿ ನೋಡಿ ಬರೆಯಬೇಕು. ಹೀಗೆ ನೋಡಬೇಕಾದ ಜಾಗ ನಲವತ್ತು.

ಒಂಬತ್ತನೆಯ ತರಗತಿಯ ನಾಗವೇಣಿ ತಂಡದ ಮುಂದಾಳು. ಅವಳ ಅಪ್ಪ ಸೊಪ್ಪು ಕಡಿಯುವ ಕೂಲಿಗೆ ಹೋಗುವವರು. ನಕ್ಷೆ ‘ಹಾಳಾದ ಕಾಡು’ ಎಂದು ಕೆಂಪು ಬಳಿದಿದ್ದ ಆರು ಜಾಗಗಳ ಎದುರು ಅವಳು ‘ಸೊಪ್ಪಿನ ಬೆಟ್ಟ, ಮರ ಚೆನ್ನಾಗಿದೆ’ ಎಂದು ಬರೆದು ತಂದಳು. ಸೊಪ್ಪಿನ ಬೆಟ್ಟವೆಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡು. ಕಡಿದ ಹೊಸತರಲ್ಲಿ ಮರಗಳು ಬೋಳಾಗಿ ಕಾಣುತ್ತವೆ. ಶಿರಸಿ ಸೀಮೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಅಷ್ಟು ದೊಡ್ಡ ಸಂಸ್ಥೆಗೆ ‘ನಿಮ್ಮದು ತಪ್ಪು’ ಎಂದು ಬರೆದು ಕಳಿಸುವುದೇ? ಕೆಂಪು ಪೆನ್ನಿನಿಂದ ಆರನ್ನೂ ನಕ್ಷೆಯಲ್ಲಿದ್ದಂತೆಯೇ ತಿದ್ದಿ, ಬೇರೆ ಹಾಳೆಗೆ ಬರೆದು ತರಲು ಹೇಳಿದೆ.

“ನಾನೇ ಹೋಗಿ ನೋಡ್ಕಂಡ್ ಬಂದದ್ದು ಸರ್,” ಎಂದಳು.

“ಉಪಗ್ರಹಕ್ಕಿಂತ ನಿನಗೇ ಜಾಸ್ತಿ ಗೊತ್ತೇನೆ?” ಎಂದೆ. ತರಗತಿ ನಕ್ಕಿತು. ಅವಳು ಬರೆದು ತಂದಳು.

ವರ್ಷದ ಕೊನೆಗೆ, ಶಾಲೆಯೊಂದಿಗಿನ ಒಪ್ಪಂದ ಮುಂದುವರಿಸಬೇಕೇ ಎಂಬ ತೀರ್ಮಾನಕ್ಕೆ ಮುನ್ನ, ಸಂಸ್ಥೆಯ ವಿಜ್ಞಾನಿಯೊಬ್ಬರು ಬಂದರು. ನಲವತ್ತು ದಾಟದ ಹೆಣ್ಣುಮಗಳು. ಕೊಟ್ಟ ಕುರ್ಚಿ ಬಿಟ್ಟು ಮಕ್ಕಳ ಬೆಂಚಿನ ಮೇಲೆ ಕುಳಿತರು. ನಮ್ಮ ಹಾಳೆಯನ್ನು ನೋಡುತ್ತಿದ್ದಂತೆ ಅವರ ಮುಖ ಗಂಭೀರವಾಯಿತು.

“ನಲವತ್ತಕ್ಕೆ ನಲವತ್ತೂ ಸರಿ. ನಮ್ಮ ನಕ್ಷೆ ಅಷ್ಟೊಂದು ಚೆನ್ನಾಗಿಲ್ಲ ಸರ್. ಮಕ್ಕಳು ನಿಜವಾಗಿ ಹೋಗಿದ್ರಾ, ಇಲ್ಲೇ ಕೂತು ಬರೆದ್ರಾ?”

ಮಕ್ಕಳೆಲ್ಲ ನೆಲ ನೋಡಿದರು. ನಾಗವೇಣಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದರೆ ಸುಳ್ಳು ಬರೆದವಳೆಂಬ ಹೆಸರು ಬರುವುದು ಅವಳಿಗೆ. ಬಾಯಿ ಬಿಟ್ಟರೆ ಶಾಲೆಯ ಅವಕಾಶವೂ ಹೋಗಬಹುದು, ಮೂವತ್ತು ವರ್ಷದ ನನ್ನ ಮರ್ಯಾದೆಯೂ.

“ಅವಳು ಹೋಗಿದ್ದಳು. ಸರಿಯಾಗಿಯೇ ಬರೆದಿದ್ದಳು. ತಿದ್ದಿದವನು ನಾನು,” ಎಂದೆ.

ವಿಜ್ಞಾನಿ ಹಾಳೆ ಮಡಚಿಟ್ಟು, “ನನಗೂ ತೋರಿಸ್ತೀಯಾ?” ಎಂದು ನಾಗವೇಣಿಯ ಹಿಂದೆ ಬೆಟ್ಟ ಹತ್ತಿದರು. ನಾನೂ ಏದುಸಿರು ಬಿಡುತ್ತ ಹೋದೆ. ಅವಳು ಒಂದು ಮತ್ತಿ ಮರದ ಬುಡದಲ್ಲಿ ನಿಂತು, ಗೆಲ್ಲು ಕಡಿದಲ್ಲಿ ಒಡೆದ ಚಿಗುರನ್ನು ತೋರಿಸಿದಳು. “ತುದಿ ಬಿಟ್ಟು ಕಡೀತ್ರು ಮೇಡಂ, ಮರ ಸಾಯೂದಿಲ್ಲ. ಈ ವರ್ಷ ಈ ಬದಿ, ಬರೂ ವರ್ಷ ಆಚೆ ಬದಿ.” ವಿಜ್ಞಾನಿ ಅವಳ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಗೊತ್ತಿಲ್ಲದ್ದನ್ನು ಹುಡುಗಿಯೊಬ್ಬಳ ಹತ್ತಿರ ಅಷ್ಟು ನಿರಾಳವಾಗಿ ಕೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಬ್ಬರ ಮೇಲೂ ಗೌರವ ಉಕ್ಕಿ ಬಂತು, ನನ್ನ ಮೇಲೆ ನಾಚಿಕೆ.

ಒಪ್ಪಂದ ಮುಂದುವರಿಯಿತು. ಮರುವರ್ಷ ಬಂದ ನಕ್ಷೆಯಲ್ಲಿ ಆ ಆರು ಜಾಗಗಳ ಕೆಂಪು ಹೋಗಿ, ‘ಸೊಪ್ಪಿನ ಬೆಟ್ಟ’ ಎಂಬ ಹೊಸ ವಿಭಾಗವೇ ಸೇರಿತ್ತು.

ಅದನ್ನು ತೋರಿಸುವಾಗ ನಾಗವೇಣಿಯನ್ನು ಕರೆದು, ತಪ್ಪಾಯಿತು ಮಗಾ ಎಂದೆ. ಅವಳಿಗೆ ಮುಜುಗರವಾಯಿತು. ನಕ್ಷೆಯತ್ತ ನೋಡುತ್ತಲೇ, “ನೀವೂ ಒಂದ್ಸಲ ಬಂದು ನೋಡಿದ್ರೆ ಸಾಕಿತ್ತು ಸರ್,” ಎಂದಳು.

ವಿಜ್ಞಾನದ ಮೊದಲ ಹೆಜ್ಜೆ ವೀಕ್ಷಣೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ನಾನು ಕುಳಿತು ತಿದ್ದಿದ ಆ ಆರು ಜಾಗಗಳಲ್ಲಿ ಒಂದು, ನಮ್ಮ ಶಾಲೆಯ ಗೇಟಿನಿಂದ ಹತ್ತು ನಿಮಿಷದ ದಾರಿ.