ವಿಭೂತಿಗಿಂತ ಎರಡು ಬೆರಳು ಕೆಳಗೆ

ಬೇವೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಚಯ್ಯಜ್ಜ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತಿದ್ದಾರೆ. ಪಡಸಾಲೆಯ ಕಂಬಕ್ಕೆ ಒರಗಿ ಶೀಲಾ ಕಾಯುತ್ತಿದ್ದಾರೆ. ಮಡಿಲಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ, ಅದನ್ನು ಎದೆಗೆ ಅಂಟಿಸುವ ಪಟ್ಟಿಗಳು. ಅಜ್ಜ ಇವತ್ತು ಹೂಂ ಅನ್ನುತ್ತಾರೋ, ಬಾಗಿಲು ತೋರಿಸುತ್ತಾರೋ, ಶಿವನೇ ಬಲ್ಲ.

ವಿದ್ಯಾಗಿರಿಯ ಇಂಜಿನಿಯರಿಂಗ್ ಕಾಲೇಜೊಂದು ಈ ಯಂತ್ರವನ್ನು ಪರೀಕ್ಷಿಸುತ್ತಿದೆ. ರೋಗಿ ಮನೆಯಲ್ಲೇ ಇದ್ದರೂ ಅವರ ಎದೆಬಡಿತ ಕಾಲೇಜಿನ ಪರದೆಯ ಮೇಲೆ ಮೂಡುತ್ತದೆ. ಕೇಳಲು ಎಷ್ಟು ಚೆಂದ! ಆದರೆ ಅದನ್ನು ಊರೂರಿಗೆ ಹೊತ್ತು, ಒಲ್ಲೆ ಒಲ್ಲೆ ಅನ್ನುವ ಎದೆಗಳಿಗೆ ಅಂಟಿಸಿ ಬರುವವರು ಬೇಕಲ್ಲ? ಅದು ಶೀಲಾ ಅವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಮನೆ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲ್ನಡಿಗೆ.

ಅಜ್ಜ ಎರಡು ಸಲ ತಲೆ ತಿರುಗಿ ಬಿದ್ದವರು. ಆ ಹೊತ್ತಿನಲ್ಲಿ ಎದೆ ಏನು ಮಾಡುತ್ತದೆಂದು ತಿಳಿಯದೆ ಡಾಕ್ಟರು ಚಿಕಿತ್ಸೆ ಶುರುಮಾಡುವಂತಿಲ್ಲ. ಹೋದ ತಿಂಗಳು ಶೀಲಾ ಯಂತ್ರ ಹಚ್ಚಿ ಹೋಗಿದ್ದರು. ಮರುದಿನ ವಿಭೂತಿಯ ಮೂರು ಎಳೆ ಎಳೆದುಕೊಳ್ಳಲು ಪಟ್ಟಿ ಅಡ್ಡ ಬಂತೆಂದು ಅಜ್ಜ ಅದನ್ನು ಕಿತ್ತು, ವಿಭೂತಿಯ ಮೇಲೆಯೇ ಮತ್ತೆ ಒತ್ತಿಕೊಂಡರು. ಅಂಟು ನಿಲ್ಲಲಿಲ್ಲ. ವಿದ್ಯಾಗಿರಿಯ ಪರದೆಯಲ್ಲಿ ಬಡಿತವೇ ಇಲ್ಲ! ಆಂಬುಲೆನ್ಸ್ ಬೊಬ್ಬೆ ಹೊಡೆಯುತ್ತ ಬಂದರೆ ಅಜ್ಜ ರೊಟ್ಟಿ ಮುರಿಯುತ್ತ ಕೂತಿದ್ದರು.

"ಸತ್ತಾಂವ ರೊಟ್ಟಿ ತಿನ್ನಾಕತ್ತಾನ ನೋಡ್ ಬರ್ರಲೇ ಅಂತ ಊರೆಲ್ಲಾ ನಕ್ಕತ್ರಿ," ಎನ್ನುತ್ತಾರೆ ಅಜ್ಜನ ಹೆಂಡತಿ ಇಂದ್ರಾಬಾಯಿ. "ಆವತ್ತಿಂದ ಇವ್ರು ಅದನ್ನ ಮುಟ್ಟಿಲ್ಲ. ಇನ್ನೊಮ್ಮಿ ಬಿದ್ರ ಏಳ್ತಾರೋ ಇಲ್ಲೋ, ನನಗ ಭಾಳ ಅಂಜಿಕಿ."

ಪೂಜೆ ಮುಗಿಯುತ್ತದೆ. ವಿಭೂತಿ ಎದೆಯ ಮೇಲೆ ಎಲ್ಲಿಯವರೆಗೆ ಬರುತ್ತದೆಂದು ನೋಡಲೆಂದೇ ಶೀಲಾ ಇಷ್ಟು ಬೇಗ ಬಂದಿದ್ದಾರೆ.

"ಅಜ್ಜಾರ, ನಿಮ್ಮ ವಿಭೂತಿ ಹೆಂಗದ ಹಂಗಾ ಇರ್ಲಿ. ಎರಡು ಬೆರಳು ಕೆಳಗ ನಾ ಹಚ್ತೇನಿ."

"ಅಳಸಂಗಿಲ್ಲ?"

"ಕೈ ಸೈತ ತಾಗಸಂಗಿಲ್ರಿ."

ಅಷ್ಟು ಕೆಳಗೆ ಹಚ್ಚಿದರೂ ಬಡಿತ ಸರಿಯಾಗಿ ಸಿಗುತ್ತದೆಂದು ಯಂತ್ರ ರೂಪಿಸಿದ ಸಿದ್ದಾರ್ಥ ತಮ್ಮ ಎದೆಯ ಮೇಲೆಯೇ ಪರೀಕ್ಷಿಸಿ ಹೇಳಿದ್ದಾರೆ. ಅಜ್ಜ ಹೆಂಡತಿಯ ಮುಖ ನೋಡಿ, ಗೊಣಗುತ್ತಲೇ ಎದೆಯೊಡ್ಡುತ್ತಾರೆ.

ಮೂರನೆಯ ದಿನ ಮಧ್ಯಾಹ್ನ ಪರದೆಯ ಮೇಲಿನ ಗೆರೆ ಕೆಲ ಕ್ಷಣ ಮಲಗಿಬಿಡುತ್ತದೆ, ಆಮೇಲೆ ಮತ್ತೆ ಏಳುತ್ತದೆ. ಅಯ್ಯೋ, ಇದೂ ಸುಳ್ಳೇ? ಕಾಲೇಜಿನಿಂದ ಸುದ್ದಿ ಬಂದೊಡನೆ ಶೀಲಾ ಅಜ್ಜನ ಮನೆಗೆ ಫೋನು ಹಚ್ಚುತ್ತಾರೆ.

"ಪಟ್ಟಿ ಗಟ್ಟಿ ಅದಾವವ್ವಾ," ಎಂದು ಇಂದ್ರಾಬಾಯಿ ಕೂಗುತ್ತಾರೆ. "ಇವ್ರಿಗೇ ಕಣ್ಣಿಗೆ ಕತ್ಲಿ ಬಂದೈತಿ!"

ಆಂಬುಲೆನ್ಸ್ ಹೊರಡುತ್ತದೆ. ಈ ಸಲ ಬೇವೂರಿನಲ್ಲಿ ಯಾರೂ ನಗುವುದಿಲ್ಲ. ಬಡಿತ ನಡುನಡುವೆ ನಿಲ್ಲುವುದೇ ಕಾರಣವೆಂದು ಗೊತ್ತಾದ್ದರಿಂದ ಡಾಕ್ಟರು ಅಜ್ಜನಿಗೆ ಪೇಸ್‌ಮೇಕರ್ ಕೂಡಿಸುತ್ತಾರೆ.

ಅಜ್ಜ ಈಗ ಗಟ್ಟಿಮುಟ್ಟಾಗಿ ಹೊಲದ ಕಡೆ ಹೋಗಿಬರುತ್ತಾರೆ. ಯಾರಾದರೂ ಯಂತ್ರ ಒಲ್ಲೆ ಅಂದರೆ ಸಾಕು, ಅವರ ಮನೆಗೇ ಹೋಗಿ ಬೈದು ಬರುತ್ತಾರೆ.

ಶೀಲಾ ಅವರನ್ನು ಹೊಗಳಲು ಹೋದರೆ ನಾಚಿ ಸೆರಗು ಸರಿಮಾಡಿಕೊಳ್ಳುತ್ತಾರೆ. "ಮಿಷಿನ್ ಮಾಡಿದವ್ರು ಸಿದ್ದಾರ್ಥ ಸರ್. ಜೀವಾ ಉಳಿಸಿದವ್ರು ಡಾಕ್ಟರ್," ಎಂದವರು ತಲೆಯೆತ್ತಿ ಹೇಳುತ್ತಾರೆ: "ಆದ್ರ ಅಜ್ಜ ಎದಿ ಒಡ್ಡಿದ್ದು ನನ್ನ ಮಾತಿಗ್ರಿ."