ಮಾತು ಬರುವ ತನಕ ಕಾಯುವ ಕೈಕಾಲು ಮೇಡಂ

ಬೆಳಗಿನ ಆರೂಕಾಲು. ಶಿಡ್ಲಘಟ್ಟ ತಾಲ್ಲೂಕಿನ ಪುಟ್ಟ ಹಳ್ಳಿಯೊಂದರ ಹಿಪ್ಪುನೇರಳೆ ತೋಟ. ಎಲೆಗಳ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಅರವತ್ತೆರಡರ ಮುನಿವೆಂಕಟಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿದು, ಬಲಗೈಯಲ್ಲಿ ಒಂದೊಂದೇ ಎಲೆ ಕೀಳುತ್ತಿದ್ದಾರೆ. ಪಕ್ಕದಲ್ಲಿ ಮೊಣಕಾಲೂರಿ ಕೂತ ಹರಿಣಿ ಅವರ ಮುಂಗೈಗೆ ಎರಡು ಬೆರಳು ತಾಗಿಸಿದ್ದಾರೆ. ಹಿಡಿದಿಲ್ಲ, ತಾಗಿಸಿದ್ದಾರೆ ಅಷ್ಟೆ. ಹನ್ನೊಂದನೆಯ ಎಲೆ ಬೆರಳಿಂದ ಜಾರಿ ಬೀಳುತ್ತದೆ. ಮುನಿವೆಂಕಟಪ್ಪ ಸಿಡುಕುತ್ತಾರೆ.

“ಬಿದ್ರೆ ಬೀಳ್ಲಿ ಬಿಡಿ ಯಜಮಾನ್ರೆ, ತೋಟದ ತುಂಬ ಎಲೆನೇ ಇರೋದು. ಹೋದ ಸಲ ಏಳು ಎಲೆಗೇ ಸುಸ್ತಾಗಿದ್ರಿ, ಮರ್ತೋಯ್ತಾ?” ಎಂದು ಹರಿಣಿ ಕಾಲೆಳೆಯುತ್ತಾರೆ. ಯಜಮಾನರ ಬಾಯಿ ಒಂದು ಕಡೆಗೆ ಸೊಟ್ಟಗಾಗಿ ನಗುತ್ತದೆ. ಕೈ ಹನ್ನೆರಡನೆಯ ಎಲೆಗೆ ಹೋಗುತ್ತದೆ.

ಇದು ವ್ಯವಸಾಯವಲ್ಲ, ಚಿಕಿತ್ಸೆ. ಒಂದೂವರೆ ವರ್ಷದ ಕೆಳಗೆ ಮುನಿವೆಂಕಟಪ್ಪನವರಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಕೈಕೊಟ್ಟವು. ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸಿದರು. ಉಳಿದ ಜೀವಕ್ಕೆ ಮತ್ತೆ ಬದುಕುವುದನ್ನು ಕಲಿಸಲು ಬಂದವರು ಹರಿಣಿ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಈ ಮೂವತ್ತೆಂಟರ ಹೆಣ್ಣುಮಗಳು ಚಿಕ್ಕಬಳ್ಳಾಪುರದ ಪುನಶ್ಚೇತನ ಕೇಂದ್ರವೊಂದರ ಮನೆಭೇಟಿ ಕಾರ್ಯಕರ್ತೆ. ಕಾಗದದಲ್ಲಿರುವ ಆ ಉದ್ದದ ಹೆಸರು ಹಳ್ಳಿಯವರ ಬಾಯಿಗೆ ಒಗ್ಗುವುದಿಲ್ಲ. ಎಲ್ಲರಿಗೂ ಅವರು ‘ಕೈಕಾಲು ಮೇಡಂ’.

ದಿನಕ್ಕೆ ಐದು ಮನೆ, ಮೊಪೆಡ್ಡಿನಲ್ಲಿ ಹೆಚ್ಚುಕಮ್ಮಿ ಐವತ್ತು ಕಿಲೋಮೀಟರು. ಪಟ್ಟಿಯಲ್ಲಿ ಇಪ್ಪತ್ಮೂರು ಜನ. ಒಬ್ಬರಿಗೆ ನಡೆಯುವುದನ್ನು ಕಲಿಸಬೇಕು, ಇನ್ನೊಬ್ಬರಿಗೆ ನುಂಗುವುದನ್ನು. ವಾಕ್ ಚಿಕಿತ್ಸೆಯ ತಜ್ಞರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಹೇಳಿಕೊಟ್ಟದ್ದನ್ನು ಇವರು ಜಗಲಿಯ ಮೇಲೆ ಕೂತು ಮಾಡಿಸುತ್ತಾರೆ. ಚಿಂತಾಮಣಿಯಲ್ಲಿ ಬೈಕಿನಿಂದ ಬಿದ್ದು ಕಾಲು ಕಳೆದುಕೊಂಡ ಯುವಕನೊಬ್ಬನಿದ್ದಾನೆ. ಮೊದಲ ತಿಂಗಳು ಆತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹರಿಣಿ ಅವನ ಜೊತೆ ವ್ಯಾಯಾಮದ ಸುದ್ದಿಯನ್ನೇ ಎತ್ತದೆ ನಾಲ್ಕು ವಾರ ಚೌಕಾಬಾರ ಆಡಿದರು. “ಸುಮ್ನೆ ಆಡ್ಕೊಂಡು ಬರ್ತೀಯಲ್ಲ ಅಂತ ನಮ್ಮ ಆಫೀಸಲ್ಲಿ ನಕ್ಕರು. ನಗ್ಲಿ ಬಿಡಿ. ಐದನೇ ವಾರ ಅವನೇ ಕೇಳ್ದ, ಅಕ್ಕ, ಜೈಪುರ ಕಾಲು ಹಾಕ್ಕೊಂಡ್ರೆ ನೋವಾಗುತ್ತಾ ಅಂತ” ಎನ್ನುತ್ತಾರೆ.

ಈ ಕಸುಬಿನ ಮೊದಲ ಪಾಠ ಅವರಿಗೆ ಸಿಕ್ಕಿದ್ದು ತಾಯಿ ಪೆದ್ದಮ್ಮನವರಿಂದ. ಪೆದ್ದಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವರು. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಅವರ ಬೆರಳುಗಳು ಸಂಜೆಗೆ ಮಡಚಲು ಬರುತ್ತಿರಲಿಲ್ಲ. “ಅಮ್ಮನ ಬೆರಳು ತಿಕ್ಕೋವಾಗ ಜೋರಾಗಿ ಒತ್ತಿದ್ರೆ ಬಯ್ಯೋಳು. ಯಾವ ಬೆರಳಿಗೆ ಎಷ್ಟು ಅಂತ ಬಯ್ಸ್ಕೊಂಡೇ ಕಲ್ತೆ” ಎಂದು ಹರಿಣಿ ನಗುತ್ತಾರೆ. ಪಿಯುಸಿ ಮುಗಿದ ಮೇಲೆ ಎರಡು ವರ್ಷದ ತರಬೇತಿ. ಆಮೇಲೆ ಹದಿನಾಲ್ಕು ವರ್ಷದಿಂದ ಇದೇ ತಿರುಗಾಟ.

ಆ ಹದಿನಾಲ್ಕು ವರ್ಷದಲ್ಲಿ ಅವರು ಮಾಡಿದ ಒಂದು ದೊಡ್ಡ ತಪ್ಪನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮುನಿವೆಂಕಟಪ್ಪನವರ ಮಂಚ ಇದ್ದದ್ದು ಮನೆಯವರು ಹುಳು ಸಾಕುವ ಅಂಕಣದಲ್ಲೇ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಮೇಯುವ ಆ ವಾರದಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಸೋಂಕು ಬಂದರೆ ಇಡೀ ಬೆಳೆ ಹೋಗುತ್ತದೆ. ಹರಿಣಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಅಂದು ಹುಳುಗಳಿಗೆ ಹಾಲುತೊಂಡೆ ರೋಗ ಬಿದ್ದಿದ್ದ ಬೇರೊಂದು ಮನೆಯಿಂದ ನೇರವಾಗಿ, ಕೈಕಾಲು ತೊಳೆಯದೆ, ಅದೇ ಚಪ್ಪಲಿಯಲ್ಲಿ ಅವಸರವಾಗಿ ಒಳಗೆ ನಡೆದುಬಿಟ್ಟರು. ಐದಾರು ದಿನಕ್ಕೆ ಹುಳುಗಳೆಲ್ಲ ಸತ್ತವು. ಮುನಿವೆಂಕಟಪ್ಪನವರ ಹೆಂಡತಿ ಅಮ್ಮಾಜಮ್ಮ ಬಾಗಿಲಲ್ಲೇ ತಡೆದು, “ಹೊರಗಿನೋರ್ನ ಒಳಗೆ ಬಿಟ್ಕೊಂಡಿದ್ದಕ್ಕೇ ಹಿಂಗಾಯ್ತು. ಇನ್ಮೇಲೆ ಬರ್ಬೇಡ” ಎಂದರು.

ಹರಿಣಿ ದಲಿತ ಕುಟುಂಬದವರು, ಮನೆಯಲ್ಲಿ ಬುದ್ಧನ ಪಟವಿದೆ. ಊರೂರು ಅಲೆದವರಿಗೆ ಯಾವ ಮಾತಿನ ಹಿಂದೆ ಏನಿದೆ ಎಂದು ತಿಳಿಯುತ್ತದೆ. “ಹೊರಗಿನೋರು ಅನ್ನೋದ್ರಲ್ಲಿ ಹುಳು ಎಷ್ಟು, ಜಾತಿ ಎಷ್ಟು ಅಂತ ತೂಕ ಹಾಕಕ್ಕೆ ನಂಗೆ ಬರುತ್ತೆ” ಎನ್ನುತ್ತಾರೆ, ದನಿ ಏರಿಸದೆ.

ಮೂರು ವಾರ ಚಿಕಿತ್ಸೆ ನಿಂತಿತು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸಲೀಸಾಗಿ ಕೈ ಆಮೇಲೆ ಬರುವುದಿಲ್ಲ ಎಂಬುದು ಹರಿಣಿಗೆ ಗೊತ್ತು. ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಬಿಡಿಸಿದ್ದ ಬೆರಳುಗಳು ಮತ್ತೆ ಮುಷ್ಟಿಗಟ್ಟುತ್ತಿವೆ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದಾಗ ಅವರಿಗೆ ತಡೆಯಲಾಗಲಿಲ್ಲ. ಹೋಗಿ ಅಂಗಳದಲ್ಲಿ ನಿಂತರು. ಆಡಿದ್ದು ಇಷ್ಟು: “ತಪ್ಪಾಗಿದೆ ಅಮ್ಮ. ರೋಗ ಬಿದ್ದ ಮನೆಯಿಂದ ನೇರ ಬಂದೆ. ಅದು ನನ್ನ ಚಪ್ಪಲಿ ತಪ್ಪು, ನನ್ನ ಹುಟ್ಟಿನ ತಪ್ಪಲ್ಲ. ಚಪ್ಪಲಿ ಬದಲಾಯಿಸ್ತೀನಿ. ಯಜಮಾನ್ರ ಕೈ ಮಾತ್ರ ಕಳ್ಕೊಬೇಡಿ.”

ಅಮ್ಮಾಜಮ್ಮ ಒಳಗೆ ಹೋದರಂತೆ. ಸ್ಟೂಲೊಂದನ್ನು ತಂದು ಹೊರಗಿಟ್ಟು, “ತೋಟದಲ್ಲಿ ಮಾಡ್ಸು” ಎಂದರು. ಈಗ ಕೇಳಿದರೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. “ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಆವಮ್ಮ ತಲೆ ತಗ್ಗಿಸ್ಲೂ ಇಲ್ಲ, ಬಯ್ಲೂ ಇಲ್ಲ. ನಂಗೇ ನಾಚ್ಕೆ ಆಗೋಯ್ತು” ಎನ್ನುತ್ತಾರೆ.

ತೋಟಕ್ಕೆ ಹೋದದ್ದೇ ಒಳ್ಳೆಯದಾಯಿತು. ಮಂಚದ ಮೇಲೆ ರಬ್ಬರ್ ಚೆಂಡು ಕೊಟ್ಟರೆ ಬಿಸಾಡುತ್ತಿದ್ದ ಯಜಮಾನರು ಎಲೆ ಕಂಡ ಕೂಡಲೇ ಕೈ ಚಾಚಿದರು. ಹಡಗು, ವಿಮಾನದ ಚಿತ್ರಗಳಿದ್ದ ಪಟ್ಟಿ ತೋರಿಸಿದಾಗ ಮಿಸುಕದ ನಾಲಿಗೆ ಅಲ್ಲಿ “ಆಕು” ಎಂದಿತು. ಎಲೆಗೆ ತೆಲುಗಿನ ಮಾತದು, ಅವರ ಮನೆಮಾತು. ಚಿತ್ರದ ಪಟ್ಟಿ ಅಂದೇ ಚೀಲದ ತಳ ಸೇರಿತು. ಕೆಲವು ದಿನ ಮಾತು ಬಾರದೆ ಅವರು ಗೊಳೋ ಎಂದು ಅಳುತ್ತಿದ್ದರು. ಆಗ ಹರಿಣಿ ಏನೂ ಮಾಡಿಸುತ್ತಿರಲಿಲ್ಲ. “ಸುಮ್ನೆ ಪಕ್ಕದಲ್ಲಿ ಕೂತ್ಕೊಂತಿದ್ದೆ. ಅದೂ ಚಿಕಿತ್ಸೆನೇ ಅಲ್ವಾ?”

ಈಗ ಅವರ ಡೈರಿಯಲ್ಲಿ ಪ್ರತಿ ಮನೆಯ ಹುಳುವಿನ ತಾರೀಖು ಬರೆದಿದೆ. ಹುಳು ಯಾವ ಜ್ವರದಲ್ಲಿದೆ ಎಂದು ನೋಡಿಯೇ ಭೇಟಿಯ ದಿನ ಗೊತ್ತುಮಾಡುತ್ತಾರೆ. ಮೊಪೆಡ್ಡಿನ ಡಬ್ಬಿಯಲ್ಲಿ ಬೇರೆ ಚಪ್ಪಲಿ, ಬ್ಲೀಚಿಂಗ್ ಪುಡಿ, ಒಗೆದ ಮೇಲಂಗಿ. ಮುನಿವೆಂಕಟಪ್ಪ ಕೋಲೂರಿ ತೋಟದ ತನಕ ನಡೆಯುತ್ತಾರೆ. ಹೋದ ಬೆಳೆಯಲ್ಲಿ ಹಣ್ಣಾದ ಹುಳುಗಳನ್ನು ಬಲಗೈಯಲ್ಲೇ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟರು. ಒಂದು ಹುಳುವೂ ನಲುಗಲಿಲ್ಲ.

ಹರಿಣಿಗೆ ಅದಕ್ಕಿಂತ ದೊಡ್ಡ ದಿನ ಬಂದದ್ದು ಕಳೆದ ತಿಂಗಳು. ಅದೇ ಬೀದಿಯ ಗಂಗುಲಮ್ಮ, ಎರಡೂವರೆ ವರ್ಷವಾದರೂ ಕೂರಲು ಬಾರದ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ತೋಟಕ್ಕೆ ಬಂದರು. ಹರಿಣಿಯನ್ನು ಮೇಲಿಂದ ಕೆಳಗೆ ನೋಡಿ, ಮುನಿವೆಂಕಟಪ್ಪನವರನ್ನು ಕೇಳಿದರು: “ಈಯಮ್ಮ ಯಾವ ಪೈಕಿ?”

ಯಜಮಾನರ ತುಟಿ ಅದುರಿತು. ಅಮ್ಮಾಜಮ್ಮ ಬಾಯಿ ಹಾಕಲು ಹೋದರೆ ಹರಿಣಿ ಕೈ ಅಡ್ಡ ಹಿಡಿದು ಸುಮ್ಮನಿರಿಸಿದರು. ಅರ್ಧ ನಿಮಿಷವಾಯಿತೋ ಒಂದು ನಿಮಿಷವೋ. ಮುನಿವೆಂಕಟಪ್ಪ ಬೆವರಿಬಿಟ್ಟರು. ಆಮೇಲೆ ಬಿಡಿಬಿಡಿಯಾಗಿ ಅಂದರು: “ಮೇಷ್ಟ್ರ... ಪೈಕಿ.”

ಗಂಗುಲಮ್ಮ ಮತ್ತೇನೂ ಕೇಳದೆ ಕೂಸನ್ನು ಹರಿಣಿಯ ಕೈಗಿತ್ತರು.

“ಹದ್ನಾಕು ವರ್ಷದಿಂದ ಜಾತಿ ಕೇಳೋ ಆ ಪ್ರಶ್ನೆಗೆ ನಾನೇ ಉತ್ತರ ಹೇಳ್ಕೊಂಡು ಬಂದಿದ್ದೆ” ಎನ್ನುತ್ತಾರೆ ಹರಿಣಿ. “ಯಜಮಾನ್ರಿಗೆ ಒಂದು ಪದ ಎತ್ತಿ ಕೊಡಬೋದಿತ್ತು ನಾನು, ಅಷ್ಟು ಒದ್ದಾಡ್ತಿದ್ರು. ಕೊಡ್ಲಿಲ್ಲ. ಅದು ಅವರೇ ಹುಡುಕ್ಕೊಂಡ ಮಾತು ಸಾರ್. ನಾನು ಕಲಿಸಿದ್ದಲ್ಲ.”