ಹನ್ನೆರಡೂವರೆಯ ಊಟ

ಅದು ೨೦೨೪ನೆಯ ಇಸವಿ. ನನಗಾಗ ಐವತ್ತಾರು ವರ್ಷ. ಮಾಸ್ತರಿಕೆಯಿಂದ ಸ್ವಯಂ ನಿವೃತ್ತಿ ಪಡೆದು ಎರಡು ವರ್ಷವಾಗಿತ್ತು. ಮಾಸ್ತರಿಕೆ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಹೆಂಡತಿ ಶಾಂತಾ, ನವಲಗುಂದದ ಸಮೀಪದ ನಮ್ಮೂರಿನ ಅಂಗನವಾಡಿಯಲ್ಲಿ ಇಪ್ಪತ್ತೈದು ವರ್ಷ ಪೂರೈಸಿದ್ದಳು. ಊರ ಮಕ್ಕಳಿಗೆಲ್ಲ ತುತ್ತಿಟ್ಟವಳ ಸಲುವಾಗಿ ಮನೆಯಲ್ಲೊಂದು ಊಟ ಇಟ್ಟುಕೊಂಡರೆ ತಪ್ಪೇ?

ತಪ್ಪಾಗಬಾರದೆಂದೇ ತಿಂಗಳ ಮೊದಲು ಯೋಜನೆ ಹಾಕಿದೆ. ಯಾವ ಒಲೆಗೆ ಯಾವ ಪಾತ್ರೆ, ಜಮಖಾನೆ ಎಲ್ಲಿಂದ ಎಲ್ಲಿಯವರೆಗೆ, ಎಲ್ಲವೂ ನೋಟ್‌ಬುಕ್ಕಿನಲ್ಲಿತ್ತು. ಆಮಂತ್ರಣ ಪತ್ರಿಕೆಯನ್ನು ಅಚ್ಚು ಹಾಕಿಸಿ ಮನೆಮನೆಗೆ ಕೊಟ್ಟೆ: ‘ಊಟ ಮಧ್ಯಾಹ್ನ ಸರಿಯಾಗಿ ೧೨-೩೦ಕ್ಕೆ.’ ಮೇಲೆ ವಾಟ್ಸಾಪಿನಲ್ಲಿ ಎರಡು ರಿಮೈಂಡರ್. (ಕೆಂಪು ಪೆನ್ನಿನಿಂದ ಅಡಿಗೆರೆ ಎಳೆಯಲಾಗಲಿಲ್ಲ, ಅದೊಂದೇ ಕೊರತೆ.)

ಆ ದಿನ ಬೆಳಿಗ್ಗೆ ಶಾಂತಾ ಕೇಳಿದಳು, “ಎಲಿ ಹಾಕಿದಮ್ಯಾಲೆ ಮಂದಿನ್ನ ಎಬ್ಬಿಸಾಕ ಯಾರನ್ನ ಕಳಸ್ತೀರಿ?”

ನಮ್ಮಲ್ಲಿ ಒಮ್ಮೆ ಹೇಳಿಬಂದರೆ ಸಾಲದು. ಅಡುಗೆಯಾದ ಮೇಲೆ ಮತ್ತೊಮ್ಮೆ ಬಾಗಿಲಿಗೆ ಹೋಗಿ “ಊಟಕ್ಕ ಏಳ್ರಿ” ಎನ್ನಬೇಕು. ಆ ಎರಡನೆಯ ಕರೆ ಬಾರದೆ ಮರ್ಯಾದಸ್ಥರು ಜಪ್ಪಯ್ಯ ಎಂದರೂ ಏಳುವುದಿಲ್ಲ.

“ಟೈಮ್ ಅಚ್ಚು ಹಾಕಿಸೇನಲ್ಲ. ಮಂದಿಗೆ ಓದಾಕ ಬರೂದಿಲ್ಲೇನು?” ಎಂದೆ.

ಹನ್ನೆರಡೂವರೆ. ಒಬ್ಬರೂ ಇಲ್ಲ. ಒಂದು ಗಂಟೆ. ಹೋಳಿಗೆ ಆರಿತು. ಇಳಕಲ್ ಸೀರೆಯುಟ್ಟು ಹೊಸ್ತಿಲಲ್ಲಿ ನಿಂತಿದ್ದ ಶಾಂತಾ ಬೀದಿ ನೋಡಿ ನೋಡಿ ತಿರುಗಿದಳು. “ನನ್ನ ಊಟಕ್ಕ ನಾನ ಹೋಗಿ ಕರದ ಬರ್ಲ್ಯಾ?” ಎಂದವಳ ದನಿ ಸರಿಯಿರಲಿಲ್ಲ.

ಚಪ್ಪಲಿ ಮೆಟ್ಟಿದೆ. ಎದುರುಮನೆಯ ಬಸಪ್ಪ ಕಾಕಾ ಇಸ್ತ್ರಿ ಅಂಗಿ ತೊಟ್ಟು, ನಾನು ಕೊಟ್ಟ ಪತ್ರಿಕೆಯಿಂದಲೇ ಗಾಳಿ ಬೀಸಿಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತಿದ್ದರು!

“ಕಾಕಾ, ಹಸಿವಾಗಿಲ್ಲೇನ್ರಿ?”

“ಹೊಟ್ಟಿ ಚುರುಚುರು ಅನ್ನಾಕತ್ತೈತೋ.”

“ಮತ್ತ ಬರಬಾರದ? ಕಾರ್ಡ್ ಕೊಟ್ಟೇನಲ್ರಿ!”

“ಅದು ತಿಳಿಸಿದ್ದಾತೋ ಮಾಸ್ತರ. ಕರದದ್ದ ಯಾವಾಗ? ಕರೀಲಾರದ ಎಲಿ ಮುಂದ ಕುಂಡ್ರಾಕ ನಾ ಏನ ಊಟಾ ಕಾಣದಾಂವಾ?”

ಎಲ್ಲ ಮನೆಗಳಲ್ಲೂ ಇದೇ ಕಥೆ. ಹನ್ನೆರಡೂವರೆಗೇ ಎಲ್ಲರೂ ಸಿದ್ಧ. ನನ್ನ ಅಚ್ಚನ್ನು ಅಕ್ಷರಶಃ ಪಾಲಿಸಿದ್ದರು. ಏಳುವುದೊಂದೇ ಬಾಕಿ. ಬೈಗುಳ ಯಾರಿಗೆ? ನನಗೆ!

“ಎಷ್ಟ ತಡಾರೀ ಸರ!” ಎಂದಳು ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ, ಕಂಕುಳಲ್ಲಿ ಕೂಸು. “ಸಾಲ್ಯಾಗ ನಾವು ಹಿಂಗ ಲೇಟ್ ಬಂದ್ರ ಹೊರಗ ನಿಂದ್ರಸ್ತಿದ್ರಿ.”

ಮೂವತ್ತು ವರ್ಷ ಹಾಜರಿ ಹಿಡಿದವನಿಗೆ ಈ ಮಾತು ಬೇಕಿತ್ತೇ?

ಎರಡಕ್ಕೆ ಜಮಖಾನೆ ತುಂಬಿತು. ಶಾಂತಾ ನಗುನಗುತ್ತ ಬಡಿಸಿದಳು. ಕೊನೆಯ ಪಂಕ್ತಿ ಎದ್ದಾಗ ನಾಲ್ಕಾಗಿತ್ತು. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕುಳಿತಿದ್ದಳು.

“ನೀ ಉಣಲಿಲ್ಲೇನು?”

“ನನ್ನ ಯಾರ ಕರದ್ರು?”

ನೋಟ್‌ಬುಕ್ ತೆರೆದೆ. ಕರೆಯಬೇಕಾದವರ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಎಲೆ ಹಾಕಿ, ಬಾಗಿಲಿಗೆ ಹೋಗಿ ನಿಂತು, “ಶಾಂತಕ್ಕಾರ, ಊಟಕ್ಕ ಏಳ್ರಿ” ಎಂದೆ. ಎದ್ದಳು.

ಸರಿಯಾಗಿ ೧೨-೩೦ಕ್ಕೆಂದು ಅಚ್ಚಾದ ಆ ಊಟ ನಿಜವಾಗಿ ಆರಂಭವಾದದ್ದು ೨೦೨೪ರ ನವೆಂಬರ್ ೧೭, ರವಿವಾರ, ಸಂಜೆ ನಾಲ್ಕೂ ಹತ್ತಕ್ಕೆ.